ಡಾಕ್ಟರ್ ಹಾನ್ಸ್ ಬರ್ಗರ್

ಇಂದು ವೈದ್ಯರು ಮಿದುಳಿನ ವಿದ್ಯುತ್ತನ್ನು ಬರೆದುಕೊಳ್ಳುವುದಲ್ಲದೆ, ಒಳಗೆ ಸೂಕ್ಷ್ಮವಾದ ತಂತಿಯನ್ನಿಳಿಸಿ ವಿದ್ಯುತ್ಪ್ರೇರಣೆಯಿಂದ ಕೈನಡುಕವನ್ನೂ ತಡೆಯುತ್ತಿರುವರು. ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊಟ್ಟಮೊದಲು ಕಾಗದಕ್ಕಿಳಿಸಿದವರು ಜರ್ಮನಿಯ ಡಾಕ್ಟರ್ ಹಾನ್ಸ್ ಬರ್ಗರರು.

೧೮೭೩ರಲ್ಲಿ ಕೋಬುರ್ಗ್ ನಗರದ ಬಳಿ ಜನಿಸಿದ ಇವರು, ತರುಣರಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿಯ ಗಾಲಿಗೆ ಸಿಕ್ಕದೆ ಕೂದಲೆಳೆಯಲ್ಲಿ ಪಾರಾದರು. ಅಂದೇ ಮನೆಯಿಂದ ಕ್ಷೇಮವನ್ನು ವಿಚಾರಿಸಿ ತಂತಿಯ ಸಮಾಚಾರ ಬಂದಿತು. ದೂರದಲ್ಲಿದ್ದ ಸೋದರಿಗೆ ಸೋದರನಿಗೇನೋ ಕೇಡಾಯಿತೆಂಬ ಶಂಕೆ ಹುಟ್ಟಿತ್ತಂತೆ. ಮನಸ್ಸಿನಿಂದ ಮನಸ್ಸಿಗೆ ಶಕ್ತಿಯು ಹರಿಯುವುದೆಂದು ಬರ್ಗರರು ನಂಬಿದರು. ನಂಬುಗೆ ಸಿದ್ಧವಾಗಲಿಲ್ಲ, ಅದರ ಬೆನ್ನುಹತ್ತಿದ ಶೋಧನೆ ಮಾತ್ರ ಸಫಲವಾಯಿತು.

ಯೇನಾ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ, ೧೯೨೪ರಲ್ಲಿ, ತಲೆಗೆ ಶಸ್ತ್ರಚಿಕಿತ್ಸೆಯಾಗಿದ್ದ ಹುಡುಗನೊಬ್ಬನ ಮಿದುಳಿನ ಕ್ಷೀಣ ವಿದ್ಯುತ್ತನ್ನು ಅವರು ಗ್ಯಾಲ್ವನೋಮೀಟರಿನಿಂದ ಗುರುತಿಸಿದರು. ಐದು ವರ್ಷ ಮರಳಿ ಮರಳಿ ಪರೀಕ್ಷಿಸಿ, ೧೯೨೯ರಲ್ಲಿ ಪ್ರಕಟಪಡಿಸಿದರು. ಕಣ್ಣು ಮುಚ್ಚಿ ವಿಶ್ರಮಿಸುವವನಲ್ಲಿ ಸೆಕೆಂಡಿಗೆ ಸುಮಾರು ೧೦ ಅಲೆಗಳೇಳುವುವು, ಕಣ್ದೆರೆದೊಡನೆ ಅಡಗುವುವು. ಪಂಡಿತರು ಬಹುಕಾಲ ನಂಬಲಿಲ್ಲ. ೧೯೩೪ರಲ್ಲಿ ಕೇಂಬ್ರಿಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಸ್ವತಃ ಪರೀಕ್ಷಿಸಿ ದೃಢಪಡಿಸಿದ ಮೇಲೆ ಲೋಕವು ಒಪ್ಪಿತು.

ಆದರೆ ಗುಣವನ್ನು ಹೇಳುವವರು ದೋಷವನ್ನು ಮುಚ್ಚಬಾರದು. ನಾಜಿಗಳ ಆಳ್ವಿಕೆಯಲ್ಲಿ, ರೋಗಿಗಳನ್ನು ಬಲಾತ್ಕಾರದಿಂದ ಸಂತಾನಹೀನರನ್ನಾಗಿಸಲು ತೀರ್ಪೀಯುತ್ತಿದ್ದ ನ್ಯಾಯಸ್ಥಾನದಲ್ಲಿ ಇವರೂ ಕುಳಿತಿದ್ದರು. ೧೯೩೮ರಲ್ಲಿ ನಿವೃತ್ತರಾಗಿ, ೧೯೪೧ರಲ್ಲಿ ಆತ್ಮಹತ್ಯೆಯಿಂದ ಮೃತರಾದರು.

ರೋಗಿಯ ಮಿದುಳನ್ನು ಅಷ್ಟು ತಾಳ್ಮೆಯಿಂದ ಅರಿತವರೇ ರೋಗಿಯ ಮಾನವನ್ನು ಕಾಯದೆ ಹೋದರು. ಯಂತ್ರವು ಇಂದು ಮಿದುಳಿನೊಳಕ್ಕೇ ಹೊಕ್ಕಿದೆ. ಅದನ್ನು ನಡೆಸುವವರು ಬರ್ಗರರ ವಿದ್ಯೆಯೊಡನೆ ಅವರ ತಪ್ಪನ್ನೂ ನೆನಪಿನಲ್ಲಿಡುವುದು ಅವಶ್ಯಕ.