ಪರದೇಶದ ನೆಲಮಾಳಿಗೆಯಲ್ಲಿ ಸಿಕ್ಕ ಮನೆಯ ಗಂಟು: ಎ.ಕೆ. ರಾಮಾನುಜನ್

ಅಮರಾಪುರ: ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಕೆಲಸದ ಅರ್ಜಿಯಲ್ಲಿ ಇಂಗ್ಲಿಷು. ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಕಡೆಯವರಿಗೆ ಇದು ಹೊಸದೇನಲ್ಲ. ಹೀಗೆ ಭಾಷೆಗಳ ನಡುವೆ ಬೆಳೆದ ಮಕ್ಕಳು ದೊಡ್ಡ ಓದಿಗೆಂದು ಬೆಂಗಳೂರು, ಹೈದರಾಬಾದು, ಅಲ್ಲಿಂದ ಅಮೆರಿಕಾ ಅಂತ ಹೊರಟಾಗ ಹೆತ್ತವರಿಗೆ ಎರಡು ಚಿಂತೆ. ಹೊಸ ಊರಿಗೆ ಮಗ ಅಥವಾ ಮಗಳು ಹೊಂದಿಕೊಳ್ಳುವರೋ ಇಲ್ಲವೋ ಎಂಬುದು ಒಂದು. ಹೊಂದಿಕೊಂಡರೆ ಮನೆಮಾತನ್ನೇ ಮರೆತುಬಿಡುವರೇನೋ ಎಂಬುದು ಇನ್ನೊಂದು! ಈ ಎರಡೂ ಚಿಂತೆ ಇರುವವರು ಕವಿ, ಅನುವಾದಕ, ಭಾಷಾವಿಜ್ಞಾನಿ ಎ.ಕೆ. ರಾಮಾನುಜನ್ ಅವರ ಬದುಕನ್ನು ಒಮ್ಮೆ ನೋಡಬೇಕು.

ಮೂರು ಭಾಷೆಯ ಮನೆ

ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ತಮಿಳು ಮಾತಾಡುವ ಅಯ್ಯಂಗಾರ್ ಕುಟುಂಬ. ತಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರು. ಅವರ ಓದಿನ ಕೋಣೆ ಮಹಡಿಯ ಮೇಲೆ, ಅಲ್ಲಿ ಇಂಗ್ಲಿಷಿನ ರಾಜ್ಯ. ಕೆಳಗೆ ತಾಯಿಯ ಹತ್ತಿರ ತಮಿಳು. ಬಾಗಿಲು ದಾಟಿ ಬೀದಿಗೆ ಬಂದರೆ ಕನ್ನಡ. ಒಂದೇ ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಭಾಷೆ ಬದಲಾಗುತ್ತಿತ್ತು. ಈ ಮೂರರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೆರಡನ್ನು ಬಿಡಬೇಕೆಂದು ಅವರಿಗೆ ಅನ್ನಿಸಲಿಲ್ಲ. ಅದೇ ಅವರ ಆಸ್ತಿಯಾಯಿತು.

ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ರಾಮಾನುಜನ್ ಕೊಲ್ಲಂ, ಮಧುರೈ, ಬೆಳಗಾವಿ, ಬರೋಡಾಗಳಲ್ಲಿ ಮೇಷ್ಟರಾಗಿ ಕೆಲಸ ಮಾಡಿದರು. ಬೆಳಗಾವಿಯೂ ನಮ್ಮಂತೆ ಗಡಿ ಊರು, ಸಂತೆಯಲ್ಲಿ ಕನ್ನಡ ಮರಾಠಿ ಎರಡೂ ಕೇಳುವ ಜಾಗ. ಅಲ್ಲಿದ್ದಾಗ ಜನರ ಬಾಯಲ್ಲಿದ್ದ ಕಥೆ, ಗಾದೆಗಳನ್ನು ಬರೆದುಕೊಳ್ಳತೊಡಗಿದರು. ಇಂಗ್ಲಿಷ್ ಮೇಷ್ಟರಿಗೆ ಅಜ್ಜಿ ಕಥೆಯ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದಾಗಿತ್ತು. ಆದರೆ ಹೋದ ಊರನ್ನು ಅರಿಯಲು ಅವರು ಕಂಡುಕೊಂಡ ದಾರಿಯೇ ಅದು. ಅಲ್ಲಿನ ಮಾತಿಗೆ ಕಿವಿಗೊಡುವುದು, ಅಲ್ಲಿನವರ ನಡುವೆ ಓಡಾಡುವುದು.

ಹಡಗು ಹತ್ತಿದ ಮೇಷ್ಟರು

1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿ ಭಾಷಾವಿಜ್ಞಾನ ಕಲಿತರು. ಮರುವರ್ಷ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿತು. 1959ರ ಜುಲೈನಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ ವಯಸ್ಸು 30. ಹಲವು ವರ್ಷ ಪಾಠ ಹೇಳಿದವರು ಮತ್ತೆ ವಿದ್ಯಾರ್ಥಿಯಾಗಿ ಹೊರಟಿದ್ದರು. ದಾರಿಯುದ್ದಕ್ಕೂ ಕಂಡದ್ದನ್ನು ಡೈರಿಯಲ್ಲಿ ಬರೆದಿಟ್ಟರು. ಅವರು ತೀರಿಹೋಗಿ ಎಷ್ಟೋ ವರ್ಷಗಳ ನಂತರ, 2019ರಲ್ಲಿ, ಅವರ ಡೈರಿಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು.

ಅವರು ಸೇರಿದ್ದು ಬ್ಲೂಮಿಂಗ್ಟನ್ ಎಂಬ ಊರಿನ ಇಂಡಿಯಾನಾ ವಿಶ್ವವಿದ್ಯಾಲಯವನ್ನು. ಭಾಷಾವಿಜ್ಞಾನಕ್ಕೂ ಜಾನಪದಕ್ಕೂ ಹೆಸರಾದ ವಿದ್ಯಾಸಂಸ್ಥೆ ಅದು. ನೋಮ್ ಚಾಮ್ಸ್ಕಿ ಅವರ ಹೊಸ ವ್ಯಾಕರಣದ ಪುಸ್ತಕ 1957ರಲ್ಲಿ ಬಂದು ಅಮೆರಿಕಾದಲ್ಲಿ ಸುದ್ದಿ ಮಾಡುತ್ತಿದ್ದ ಕಾಲ. ರಾಮಾನುಜನ್ ಆ ಹೊಸ ವಿದ್ಯೆಯನ್ನು ಹಿಡಿದು ಯಾವ ಭಾಷೆಯ ಮೇಲೆ ಪ್ರಬಂಧ ಬರೆದರು ಗೊತ್ತೇ? ಕನ್ನಡದ ಮೇಲೆ! 1963ರಲ್ಲಿ ಡಾಕ್ಟರೇಟ್ ತಂದುಕೊಟ್ಟದ್ದು ಕನ್ನಡದ ವ್ಯಾಕರಣ. ಮೈಸೂರಿನ ಬೀದಿಯಲ್ಲಿ ಆಡುತ್ತಾ ಕಲಿತ ಮಾತೇ ಪರದೇಶದಲ್ಲಿ ಕೈ ಹಿಡಿಯಿತು.

ಒಂದು ಶನಿವಾರ

ಪ್ರಬಂಧ ಮುಗಿಯುವ ಮೊದಲೇ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲಸ ದೊರಕಿತ್ತು. ದೊಡ್ಡ ಊರು, ಸಮುದ್ರದಂಥ ಸರೋವರ, ಮುಗಿಲು ಮುಟ್ಟುವ ಕಟ್ಟಡಗಳು. ಹೊಸಬರು ಊರು ಸುತ್ತುವುದೆಂದರೆ ತಲೆ ಎತ್ತಿ ನೋಡುವುದು. ರಾಮಾನುಜನ್ 1962ರಲ್ಲಿ, ಅಲ್ಲಿನ ಮೊದಮೊದಲ ಶನಿವಾರಗಳಲ್ಲಿ ಒಂದು ದಿನ, ಕೆಳಕ್ಕೆ ಇಳಿದರು. ವಿಶ್ವವಿದ್ಯಾಲಯದ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ.

ಚೀಟಿ ಬರೆದುಕೊಟ್ಟು ಪುಸ್ತಕ ಬರುವವರೆಗೆ ಕಾಯುವ ಪದ್ಧತಿ ನಮ್ಮಲ್ಲಿ ಎಷ್ಟೋ ಕಡೆ ಉಂಟು. ಅಲ್ಲಿ ಓದುಗನೇ ಕಪಾಟುಗಳ ನಡುವೆ ಅಲೆಯಬಹುದು. ಬೇಕಾದ ಪುಸ್ತಕದ ಪಕ್ಕದಲ್ಲಿ ಬೇಕೆಂದು ಗೊತ್ತೇ ಇರದಿದ್ದ ಪುಸ್ತಕ ಸಿಗುವುದು ಹೀಗೆ.

ಮನೆಮಾತು ತಮಿಳಾದರೂ ಅವರಿಗೆ ಹಳೆಯ ತಮಿಳು ಬರುತ್ತಿರಲಿಲ್ಲ. ಅದಕ್ಕೊಂದು ಬಾಲಬೋಧೆಯಂಥ ವ್ಯಾಕರಣ ಹುಡುಕುತ್ತಿದ್ದರು. ಕೈಗೆ ಸಿಕ್ಕಿದ್ದು ಉ.ವೇ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ ಕುರುಂತೊಗೈ. ಸಂಗಂ ಕಾಲದ ಸುಮಾರು 400 ಪುಟ್ಟ ಪ್ರೇಮಪದ್ಯಗಳ ಸಂಗ್ರಹ. ಈ ಪದ್ಯಗಳಲ್ಲಿ ಒಂದೊಂದು ಬಗೆಯ ನೆಲಕ್ಕೆ ಮನಸ್ಸಿನ ಒಂದೊಂದು ಸ್ಥಿತಿ. ಬೆಟ್ಟವೆಂದರೆ ಕೂಡುವುದು, ಕಡಲ ತೀರವೆಂದರೆ ಕಾತರದ ಕಾಯುವಿಕೆ, ಬೆಂದ ಬರಡು ನೆಲವೆಂದರೆ ಬಿಟ್ಟು ದೂರ ಹೋಗುವುದು. ಬರದ ಸೀಮೆಯ ನಮಗೆ ಈ ಕೊನೆಯ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತನ್ನದೇ ಭಾಷೆಯ ಗಂಟು, ಅದೂ ಸಾವಿರಾರು ಮೈಲಿ ದೂರದ ನೆಲಮಾಳಿಗೆಯಲ್ಲಿ! ವಾರಸುದಾರನಾಗಿ ಹುಟ್ಟಿದ ಮಾತ್ರಕ್ಕೆ ಆಸ್ತಿ ಕೈಗೆ ಬರುವುದಿಲ್ಲ, ಅದನ್ನು ದುಡಿದು ಸಂಪಾದಿಸಿಕೊಳ್ಳಬೇಕು ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ಕೂತು ಹಳೆಯ ತಮಿಳು ಕಲಿತರು. 1967ರಲ್ಲಿ ಆ ಪದ್ಯಗಳ ಇಂಗ್ಲಿಷ್ ಅನುವಾದ ಬಂತು. 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಅವರ ವಚನಗಳು 'ಸ್ಪೀಕಿಂಗ್ ಆಫ್ ಶಿವ' ಎಂಬ ಹೆಸರಿನಲ್ಲಿ ಲೋಕದ ಓದುಗರಿಗೆ ತಲುಪಿದವು. ವೆಲ್ಚೇರು ನಾರಾಯಣರಾವ್, ಡೇವಿಡ್ ಶುಲ್ಮನ್ ಜೊತೆಗೂಡಿ ಕ್ಷೇತ್ರಯ್ಯನ ಪದಗಳೂ ಸೇರಿದ ತೆಲುಗು ಪದಗಳನ್ನು ಅನುವಾದಿಸಿದರು. ಆ ಪುಸ್ತಕ ಅಚ್ಚಾದದ್ದು 1994ರಲ್ಲಿ, ಅವರು ಹೋದ ಮೇಲೆ. ಈ ನಡುವೆ ಸ್ವಂತ ಕವಿತೆ ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ ಬರೆದಂತೆ ಕನ್ನಡದಲ್ಲೂ ಬರೆದರು. 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ, 'ಮತ್ತು ಇತರ ಕವಿತೆಗಳು' 1977ರಲ್ಲಿ, 'ಕುಂಟೋಬಿಲ್ಲೆ' 1990ರಲ್ಲಿ ಬಂದವು.

1976ರಲ್ಲಿ ಪದ್ಮಶ್ರೀ, 1983ರಲ್ಲಿ ಅಮೆರಿಕಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಅರಸಿಕೊಂಡು ಬಂದವು. 1993ರ ಜುಲೈ 13ರಂದು ಶಿಕಾಗೋದಲ್ಲೇ ಕಣ್ಮುಚ್ಚಿದರು. ಆಗ ಅವರಿಗೆ 64 ವರ್ಷ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರೂ ಅವರು ಮಾಡಿದ ಕೆಲಸವೆಲ್ಲ ಈ ಕಡೆಯದೇ.

ನಮ್ಮ ಮಕ್ಕಳಿಗೆ

ಓದಲು ಹೋದ ಊರಲ್ಲಿ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ನೋಡುತ್ತಾ ಕೂತರೆ ಆ ಊರೂ ದಕ್ಕುವುದಿಲ್ಲ, ಬಿಟ್ಟು ಬಂದ ಊರೂ ಉಳಿಯುವುದಿಲ್ಲ. ರಜಾ ದಿನ ಎದ್ದು ಹೊರಡಬೇಕು. ಗ್ರಂಥಾಲಯ, ಮಾರುಕಟ್ಟೆ, ಹಳೆ ಪುಸ್ತಕದ ಅಂಗಡಿ, ಎಲ್ಲಾದರೂ ಸರಿ. ಮನೆಮಾತಿನ ಬಗ್ಗೆ ನಾಚಿಕೆಯಂತೂ ಬೇಡ. ಅದೇ ಮಾತು ಒಬ್ಬರಿಗೆ ಅಮೆರಿಕಾದಲ್ಲಿ ಡಾಕ್ಟರೇಟ್ ತಂದುಕೊಟ್ಟಿದೆ.

ಹೊರಡುವ ಮೊದಲು ಇನ್ನೊಂದು ಕೆಲಸವಿದೆ. ನಮ್ಮ ಮಂಡಲದ ಹೇಮಾವತಿ ಒಂದು ಕಾಲದಲ್ಲಿ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿನ ಕಲ್ಲುಗಳ ಮೇಲೆ ಹಳೆಗನ್ನಡದ ಅಕ್ಷರಗಳಿವೆ. ಶಿವರಾತ್ರಿಗೆ ಕೈಮುಗಿದು ಬರುವ ನಮ್ಮ ಮಕ್ಕಳಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ? ಇದನ್ನು ಕಲಿಯಲು ಹಡಗು ಹತ್ತಬೇಕಿಲ್ಲ. ಬರುವ ಭಾನುವಾರ ಒಂದು ಬಸ್ ಹತ್ತಿದರೂ ಸಾಕು.