ವಿಫಲವೆಂದು ಬರೆದು ಅಳಿಸಿದ ಪಾಠ

ಅಭ್ಯಾಸ ಬೋಧನೆಯಲ್ಲಿ ಹತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುವಾಗ ಆಲ್ಬರ್ಟ್ ಮೈಕೆಲ್ಸನ್ ಅವರ ಜೀವನವನ್ನು ಕಥೆಯಾಗಿ ಹೇಳಿದೆ.

1852ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಅವರು ಮಗುವಾಗಿದ್ದಾಗಲೇ ಹೆತ್ತವರೊಂದಿಗೆ ಅಮೆರಿಕಕ್ಕೆ ಹೋದರು. ಗಣಿ ಊರುಗಳಲ್ಲಿ ಬೆಳೆದು, ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಓದಿ, ಅಲ್ಲಿಯೇ ಬೋಧಕರಾದರು. ಬೆಳಕಿನ ವೇಗ ಅಳೆಯುವ ಹುಚ್ಚು ಹತ್ತಿದ್ದು ತರಗತಿಗೆ ತೋರಿಸಲು ಪ್ರಯೋಗ ಸಿದ್ಧಪಡಿಸುವಾಗ. (ನಮ್ಮಂಥವರಿಗೆ ಇದು ಸಮಾಧಾನದ ಸಂಗತಿ.)

ಬೆಳಕು ಸಾಗಲು ಈಥರ್ ಎಂಬ ಮಾಧ್ಯಮ ಬೇಕೆಂಬುದು ಆಗಿನ ನಂಬಿಕೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಅದರೊಳಗೆ ಸಾಗುವುದಾದರೆ, ಆ ದಿಕ್ಕಿನಲ್ಲಿ ಹೋಗಿಬರುವ ಬೆಳಕಿಗೂ ಅಡ್ಡಲಾಗಿ ಹೋಗಿಬರುವ ಬೆಳಕಿಗೂ ತಗಲುವ ಸಮಯ ಬೇರೆಯಾಗಬೇಕು. ಮಕ್ಕಳು ಒಪ್ಪಲಿಲ್ಲ. ಕರಿಹಲಗೆಯಲ್ಲಿ ಹೊಳೆ ಬರೆದೆ. ದೋಣಿಯ ವೇಗ ಸೆಕೆಂಡಿಗೆ 5 ಮೀಟರ್, ನೀರಿನದು 3. ಹರಿವಿನೊಂದಿಗೆ 40 ಮೀಟರ್ ಹೋಗಿ ಎದುರಾಗಿ ಮರಳಲು 5 ಮತ್ತು 20, ಒಟ್ಟು 25 ಸೆಕೆಂಡು. ಅಷ್ಟೇ ದೂರ ಅಡ್ಡಲಾಗಿ ಹೋಗಿಬರಲು 20 ಸೆಕೆಂಡು. ಲೆಕ್ಕ ಕಂಡ ಮೇಲೆ ತಲೆಗಳು ಆಡಿದವು.

1887ರಲ್ಲಿ ಕ್ಲೀವ್‌ಲೆಂಡ್‌ನಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಪಾದರಸದ ಮೇಲೆ ತೇಲುವ ಕಲ್ಲುಚಪ್ಪಡಿಯಲ್ಲಿ ಕನ್ನಡಿಗಳನ್ನಿಟ್ಟು, ಅದನ್ನು ನಿಧಾನವಾಗಿ ತಿರುಗಿಸುತ್ತ ವ್ಯತಿಕರಣ ಪಟ್ಟೆಗಳನ್ನು ನೋಡಿದರು. ಪಟ್ಟೆಗಳು ಒಂದು ಪಟ್ಟೆಯ ಅಗಲದ 0.4ರಷ್ಟು ಸರಿಯಬೇಕಿತ್ತು. ಸರಿದದ್ದು ಅದರ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ನಾನು ಹಲಗೆಯ ಮೇಲೆ ವಿಫಲ ಪ್ರಯೋಗ ಎಂದು ಬರೆದೆ. ಹಾಗಾದರೆ 1907ರಲ್ಲಿ ನೊಬೆಲ್ ಏಕೆ ಕೊಟ್ಟರೆಂದು ಹುಡುಗಿಯೊಬ್ಬಳು ಕೇಳಿದಳು. ಇದೇ ಪ್ರಯೋಗಕ್ಕೆ ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕುಳಿತಿದ್ದ ನಮ್ಮ ಉಪನ್ಯಾಸಕರು ಏನೋ ಗುರುತು ಹಾಕಿಕೊಂಡರು.

ರಾತ್ರಿ ಓದಿದಾಗ ತಪ್ಪು ತಿಳಿಯಿತು. ಬಹುಮಾನ ಬಂದದ್ದು ನಿಖರ ದೃಗುಪಕರಣಗಳಿಗೆ ಮತ್ತು ಅವುಗಳಿಂದ ನಡೆಸಿದ ರೋಹಿತ ಹಾಗೂ ಅಳತೆಯ ಅಧ್ಯಯನಗಳಿಗೆ. ಪ್ಯಾರಿಸ್ ಬಳಿ ಅವರು ಕ್ಯಾಡ್ಮಿಯಂನ ಕೆಂಪು ಬೆಳಕಿನಿಂದ ಮೀಟರನ್ನೇ ಅಳೆದಿದ್ದರು: ಒಂದು ಮೀಟರಿಗೆ ಸುಮಾರು 15,53,163 ತರಂಗದೂರಗಳು.

ಮರುದಿನ ತಪ್ಪೊಪ್ಪಿಕೊಂಡು ವಿಫಲ ಎಂಬುದನ್ನು ಅಳಿಸಿ ಶೂನ್ಯ ಫಲಿತಾಂಶ ಎಂದು ಬರೆದೆ. ಆ ಶೂನ್ಯವನ್ನು ವಿವರಿಸಲು ಫಿಟ್ಜೆರಾಲ್ಡ್ ಮತ್ತು ಲೊರೆಂಟ್ಸ್, ವಸ್ತುಗಳು ಚಲನೆಯ ದಿಕ್ಕಿನಲ್ಲಿ ಕುಗ್ಗುತ್ತವೆ ಎಂದರು. 1905ರಲ್ಲಿ ಐನ್‌ಸ್ಟೈನ್ ಈಥರನ್ನೇ ಬದಿಗಿಟ್ಟು, ಬೆಳಕಿನ ವೇಗ ಎಲ್ಲ ವೀಕ್ಷಕರಿಗೂ ಒಂದೇ, ಉದ್ದ ಮತ್ತು ಕಾಲದ ಅಳತೆಗಳೇ ವೀಕ್ಷಕರ ಚಲನೆಯನ್ನು ಅವಲಂಬಿಸುತ್ತವೆ ಎಂದು ತೋರಿಸಿದರು. ಮೈಕೆಲ್ಸನ್‌ಗೆ ಮಾತ್ರ ಈಥರಿನ ಮೇಲಿನ ಮಮತೆ ಸುಲಭವಾಗಿ ಹೋಗಲಿಲ್ಲ. 1931ರಲ್ಲಿ ತೀರಿಕೊಂಡಾಗಲೂ ಬೆಳಕಿನ ವೇಗದ ಹೊಸ ಅಳತೆಯೊಂದು ನಡೆದೇ ಇತ್ತು.

ಅದೇ ಹುಡುಗಿ ಮತ್ತೆ ಎದ್ದಳು. ವಸ್ತುವಿನ ಜೊತೆ ಅಳತೆಗೋಲೂ ಕುಗ್ಗಿದರೆ ಗೊತ್ತಾಗುವುದು ಹೇಗೆಂದು ಕೇಳಿದಳು. ಜೊತೆಯಲ್ಲೇ ಸಾಗುವವರಿಗೆ ಗೊತ್ತಾಗದು ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.