ಹಿಂದುಳಿದದ್ದನ್ನು ಅಳೆದು ಕೊಟ್ಟ ಮಾಸ್ತರು

ಕುಷ್ಟಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಿಂದ ವಿಧಾನಸೌಧದ ಮೊಗಸಾಲೆತನಕ ಒಂದು ಹೆಸರು ಓಡಾಡುತ್ತದೆ: ನಂಜುಂಡಪ್ಪ ವರದಿ. ವರದಿ ಎಲ್ಲರ ಬಾಯಲ್ಲಿ ಉಂಟು. ಬರೆದ ಮನುಷ್ಯ ಯಾರು, ಮಾಡಿದ್ದೇನು ಅಂತ ಕೇಳಿದರೆ ಮಾತ್ರ ಎಲ್ಲರೂ ಗಪ್‌ಚಿಪ್!

ಡಾ. ಡಿ. ಎಂ. ನಂಜುಂಡಪ್ಪ ಹುಟ್ಟಿದ್ದು 1929ರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ ಮಾಸ್ತರು. ಮುಂದೆ ಸರ್ಕಾರಕ್ಕೆ ಆರ್ಥಿಕ ಸಲಹೆಗಾರರಾದರು. ಧಾರವಾಡ, ಬೆಂಗಳೂರು ಎರಡೂ ಕಡೆ ಕುಲಪತಿಯಾದರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರೂ ಆದರು.

2000ರಲ್ಲಿ ಸರ್ಕಾರ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಉನ್ನತಾಧಿಕಾರ ಸಮಿತಿ ಮಾಡಿ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಅಲ್ಲೀತನಕ ನಮ್ಮ ಸೀಮೆಯ ಅನ್ಯಾಯವೆಂದರೆ ಬರೀ ಭಾಷಣದ ಸರಕು. ಒಬ್ಬರು ಗುಡುಗುವುದು, ಇನ್ನೊಬ್ಬರು ಅಲ್ಲಗಳೆಯುವುದು. ಅಳತೆಗೋಲು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಮಾಸ್ತರು ಅಂಕಿ ಗುಡ್ಡೆ ಹಾಕುವುದಕ್ಕೆ ಮೊದಲು ತತ್ವ ಕೇಳಿದರು. ಹಿಂದುಳಿಯುವುದು ಅಂದರೇನು? ಕಿಸೆಯ ರೊಕ್ಕವೊಂದೇ ಅಲ್ಲ; ಹೊಲಕ್ಕೆ ನೀರು, ಊರಿಗೆ ರಸ್ತೆ, ಮಗುವಿಗೆ ಅಕ್ಷರ, ರೋಗಿಗೆ ಹಾಸಿಗೆ, ರೈತನಿಗೆ ಬ್ಯಾಂಕು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಹಾಗೆ 35 ಸೂಚಕಗಳನ್ನು ಆರಿಸಿ ಒಂದೇ ಸೂಚ್ಯಂಕಕ್ಕೆ ಇಳಿಸಿದರು. ರಾಜ್ಯದ ಸರಾಸರಿಯೇ 1. ಅದಕ್ಕಿಂತ ಕಡಿಮೆ ಬಂದ ತಾಲ್ಲೂಕು ಹಿಂದುಳಿದದ್ದು. ತಗ್ಗು ಎಷ್ಟು ಆಳವೋ ಪಾಲು ಅಷ್ಟು ದೊಡ್ಡದು.

ಇನ್ನೊಂದು ಜಾಣತನವೂ ಇತ್ತು. ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ತಕ್ಕಡಿಗೆ ಇಟ್ಟರು. ಗಂಗಾವತಿಯ ಕಾಲುವೆ ಭತ್ತವನ್ನೂ ಯಲಬುರ್ಗಾದ ಒಣ ಬೇಸಾಯವನ್ನೂ ಒಂದೇ ಚೀಲಕ್ಕೆ ಸುರಿದರೆ ಬರುವ ಸರಾಸರಿ ಯಾರ ಹೊಟ್ಟೆಯ ಸುದ್ದಿಯನ್ನೂ ಹೇಳದು.

2002ರ ಜೂನ್‌ನಲ್ಲಿ ವರದಿ ಬಂತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವೇ. ಕುಷ್ಟಗಿ, ಯಲಬುರ್ಗಾ ಆ ಸಾಲಿನಲ್ಲಿ. ಕೊಪ್ಪಳ ಅತಿ ಹಿಂದುಳಿದ ಸಾಲಿನಲ್ಲಿ. ಗಂಗಾವತಿ ಬರೀ ಹಿಂದುಳಿದದ್ದು. ದಕ್ಷಿಣದಲ್ಲೂ 55 ತಾಲ್ಲೂಕು ಸಿಕ್ಕವು. ಹೀಗಾಗಿ ಇದು ಉತ್ತರದವರ ಅಳು ಮಾತ್ರ ಅನ್ನುವವರ ಬಾಯಿ ಕಟ್ಟಿತು.

ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ, ಉತ್ತರಕ್ಕೆ ಶೇ. 60, ದಕ್ಷಿಣಕ್ಕೆ ಶೇ. 40 ಅಂತ ಶಿಫಾರಸು ಆಯಿತು. ಯೋಜನೆ ಶುರುವಾದದ್ದು ಮಾತ್ರ 2007-08ರಲ್ಲಿ. ಅಷ್ಟರಲ್ಲಿ, 2005ರಲ್ಲೇ, ಮಾಸ್ತರು ತೀರಿಕೊಂಡಿದ್ದರು.

ಅವರು ಬಿಟ್ಟುಹೋದ ಪಾಠ ಇಷ್ಟೇ: ಸೂಚ್ಯಂಕ ತಗ್ಗು ಎಲ್ಲಿದೆ ಅಂತ ತೋರಿಸುತ್ತದೆ, ತಾನೇ ಮಣ್ಣು ತುಂಬುವುದಿಲ್ಲ. ರೊಕ್ಕ ಖರ್ಚಾದದ್ದೇ ಅಭಿವೃದ್ಧಿ ಅಲ್ಲ. ಮತ್ತೆ ಅದೇ 35 ಕಡೆ ಅಳೆದು ನೋಡಬೇಕು. 2018ರಲ್ಲಿ ಕುಕನೂರು, ಕಾರಟಗಿ, ಕನಕಗಿರಿ ಹೊಸ ತಾಲ್ಲೂಕಾದವು. ಯಲಬುರ್ಗಾ, ಗಂಗಾವತಿಗಳ ಹಳೆಯ ಅಂಕಿ ಈಗ ಯಾರ ಪಾಲಿಗೆ ಎಷ್ಟು? ಭಾಷಣ ಮಾಡುವವರು ಮೈಕು ಹಿಡಿಯುವ ಮೊದಲು ಕೋಲು ಹಿಡಿಯಲಿ.